ಕಾರ್ಯಕ್ರಮ ಪಟ್ಟಿ ಅಚ್ಚಿಗೆ ಹೋಗುವ ಮುನ್ನ



ಮತ್ತೆ ನವೆಂಬರ್ ಹತ್ತಿರ ಬರುತ್ತಿದೆ. ಬೆಂಗಳೂರಿನ ಬೀದಿ ಬೀದಿಯಲ್ಲಿ ರಸೀತಿ ಪುಸ್ತಕಗಳು ಹೊರಬೀಳುವ ಕಾಲ. ಬೇಕರಿಯವನಿಂದ ಇಷ್ಟು, ಹಾರ್ಡ್‌ವೇರ್ ಅಂಗಡಿಯವನಿಂದ ಇಷ್ಟು, ಬಾರಿನವನಿಂದ ಇನ್ನೂ ಸ್ವಲ್ಪ ಜಾಸ್ತಿ. ಶಾಮಿಯಾನದವನಿಗೆ ಮುಂಗಡ ಕೊಟ್ಟಾಗಿದೆ. ಮೈಕ್ ಸೆಟ್ಟಿನವನಿಗೆ ಹೇಳಿಯಾಗಿದೆ. ಅತಿಥಿಗಳ ಹೆಸರು ಯಾವ ಕ್ರಮದಲ್ಲಿ ಬರಬೇಕು, ಯಾರ ಫೋಟೊ ದೊಡ್ಡದಿರಬೇಕು ಎಂಬ ಜಗಳವೂ ಶುರುವಾಗಿರುತ್ತದೆ. ಇನ್ನು ನಾಲ್ಕು ದಿನದಲ್ಲಿ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುತ್ತದೆ.

ಅದು ಹೋಗುವ ಮುನ್ನ ಹತ್ತು ನಿಮಿಷ ಕೊಡಿ. ಈ ವಾರದ ಸಂಪಾದಕೀಯ ಯಾವ ಮಂತ್ರಿಯ ಮೇಲೂ ಅಲ್ಲ, ನೆರೆ ರಾಜ್ಯದ ಮೇಲೂ ಅಲ್ಲ. ಇದು ನಿಮ್ಮ ಕೈಯಲ್ಲಿರುವ, ನನ್ನ ಕೈಯಲ್ಲೂ ಇರುವ ಆ ಕಾರ್ಯಕ್ರಮ ಪಟ್ಟಿಯ ಬಗ್ಗೆ.

ಪಟ್ಟಿ ಎಂದರೆ ನಗಬೇಡಿ. ಈ ಊರಿನ ಕನ್ನಡ ಚಳವಳಿಗೆ ಕಿಡಿ ಹತ್ತಿದ್ದೇ ಒಂದು ಕಾರ್ಯಕ್ರಮ ಪಟ್ಟಿಯಿಂದ. 1960ರ ದಶಕದ ಮೊದಲಲ್ಲಿ ಅ.ನ.ಕೃ. ಬೀದಿಗಿಳಿದದ್ದು ಏತಕ್ಕೆ ಗೊತ್ತೇ? ಬೆಂಗಳೂರಿನ ರಾಮೋತ್ಸವದ ಸಂಗೀತ ಕಛೇರಿಗಳಲ್ಲಿ ಕನ್ನಡದ ಕಲಾವಿದರಿಗೆ ಜಾಗವಿಲ್ಲ, ಮರ್ಯಾದೆಯಿಲ್ಲ ಎಂದು. ನಮ್ಮ ಊರಿನ ವೇದಿಕೆಯ ಮೇಲೆ ನಮ್ಮವರು ಎಲ್ಲಿ ಎಂದು ಆ ಕಾದಂಬರಿಕಾರ ಕೇಳಿದ. ಆತನ ಹಿಂದೆ ನಿಂತವರಲ್ಲಿ ಪತ್ರಕರ್ತ, ಪತ್ತೇದಾರಿ ಕಾದಂಬರಿಕಾರ ಮ. ರಾಮಮೂರ್ತಿಯವರೂ ಇದ್ದರು. ನೀವು ಇವತ್ತು ಬೈಕಿಗೆ ಕಟ್ಟಿಕೊಂಡು ಓಡಾಡುವ ಹಳದಿ ಕೆಂಪು ಬಾವುಟ ಕೊಟ್ಟವರು ಅವರೇ.

ಅವರು ಅಂದು ಪಟ್ಟಿಯಲ್ಲಿ ನಮ್ಮವರು ಯಾರಿದ್ದಾರೆ ಎಂದು ಕೇಳಿದರು. ಇಂದು ಪಟ್ಟಿ ನಮ್ಮದೇ, ವೇದಿಕೆ ನಮ್ಮದೇ, ಮೈಕೂ ನಮ್ಮದೇ. ಹಾಗಾದರೆ ಅದರಲ್ಲಿ ಏನಿದೆ?

ಬೆಳಿಗ್ಗೆ ಧ್ವಜಾರೋಹಣ. ಒಂಬತ್ತಕ್ಕೆ ರಕ್ತದಾನ ಶಿಬಿರ. ಹನ್ನೊಂದಕ್ಕೆ ಶಾಲಾ ಮಕ್ಕಳಿಗೆ ನೋಟ್ ಪುಸ್ತಕ. ಸಂಜೆ ಗಣ್ಯರಿಗೆ ಶಾಲು, ಹಾರ, ಮೈಸೂರು ಪೇಟ. ರಾತ್ರಿ ಆರ್ಕೆಸ್ಟ್ರಾ. ಮಾರನೇ ದಿನ ಶಾಮಿಯಾನ ಬಿಚ್ಚಿ, ಬಾವುಟ ಮಡಚಿ, ಸಂಘಕ್ಕೆ ಬೀಗ. ಇಷ್ಟೇ ಅಲ್ಲವೇ? "ನವೆಂಬರ್ ಕನ್ನಡಿಗರು" ಎಂದು ಜನ ಹಂಗಿಸಿದರೆ ಮೂಗಿನ ತುದಿಯಲ್ಲಿ ಕೋಪ ಬರುತ್ತದೆ. ಆದರೆ ಪಟ್ಟಿ ನೋಡಿದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿದೆ?

ಈ ಪಟ್ಟಿಯಲ್ಲಿರುವ ಒಂದೊಂದೂ ಒಳ್ಳೆಯ ಕೆಲಸವೇ. ಯಾವುದನ್ನೂ ಕೈಬಿಡಿ ಎನ್ನುತ್ತಿಲ್ಲ. ಯಾವುದು, ಯಾವಾಗ, ಯಾರಿಗಾಗಿ ಎಂಬ ಲೆಕ್ಕ ತಪ್ಪಿದೆ. ಒಂದೊಂದಾಗಿ ನೋಡೋಣ.

ಒಂದೇ ದಿನ ಹರಿಯುವ ರಕ್ತ

ನನ್ನ ಕಥೆಯಿಂದಲೇ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಸಂಘದಲ್ಲಿ ರಾಜ್ಯೋತ್ಸವದ ದಿನ ಭರ್ಜರಿ ಶಿಬಿರ ಮಾಡಿದೆವು. ಹುಡುಗರು ಸಾಲುಗಟ್ಟಿ ಮಲಗಿ ರಕ್ತ ಕೊಟ್ಟರು. ಫೋಟೊ ಬಂತು, ಸರ್ಟಿಫಿಕೇಟ್ ಬಂತು, ಎದೆಯುಬ್ಬಿಸಿಕೊಂಡು ಓಡಾಡಿದೆವು. ಮುಂದಿನ ಆಗಸ್ಟಿನಲ್ಲಿ ನಮ್ಮ ಬೀದಿಯಲ್ಲೇ ಇಸ್ತ್ರಿ ಅಂಗಡಿ ಇಟ್ಟವರ ಮಗಳಿಗೆ ಡೆಂಗಿ ಜ್ವರ. ಪ್ಲೇಟ್‌ಲೆಟ್ ಪಾತಾಳಕ್ಕಿಳಿಯಿತು, ರಕ್ತಸ್ರಾವವೂ ಶುರುವಾಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ಆ ತಂದೆ ಬಂದು ನಮ್ಮ ಮನೆ ಬಾಗಿಲು ಬಡಿದರು. "ಅಣ್ಣಾ, ನಿಮ್ಮ ಸಂಘದ ಹುಡುಗ್ರು ರಕ್ತ ಕೊಡ್ತಾರಲ್ಲ, ಯಾರನ್ನಾದ್ರೂ ಕಳಿಸಿ" ಅಂದರು. ನನ್ನ ಹತ್ತಿರ ಶಿಬಿರದ ಫೋಟೊ ಇತ್ತು. ರಕ್ತ ಕೊಟ್ಟವರ ಪಟ್ಟಿ ಇರಲಿಲ್ಲ. ಯಾರದು ಯಾವ ಗುಂಪು, ಯಾರ ಫೋನ್ ನಂಬರ್ ಏನು, ಒಂದೂ ಬರೆದಿಟ್ಟಿರಲಿಲ್ಲ. ಮೂರು ಗಂಟೆ ಹೊತ್ತು ಫೋನ್ ಮಾಡಿದ ಮೇಲೆ ಇಬ್ಬರು ಸಿಕ್ಕರು. ಮಗು ಉಳಿಯಿತು. ನನ್ನ ಮಾನ ಉಳಿಯಿತು ಎಂದು ಹೇಳಲಾರೆ.

ಆಮೇಲೆ ತಿಳಿದವರನ್ನು ಕೇಳಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಕೊಟ್ಟ ರಕ್ತವನ್ನು ಬೇರ್ಪಡಿಸಿದ ಮೇಲೆ ಪ್ಲೇಟ್‌ಲೆಟ್ ಬಾಳುವುದು 5 ದಿನ. ಕೆಂಪು ರಕ್ತಕಣ ಫ್ರಿಜ್ಜಿನಲ್ಲಿ 35ರಿಂದ 42 ದಿನ. ಅಂದರೆ ನವೆಂಬರ್ 1ರಂದು ಊರಿಗೆ ಊರೇ ಕೊಟ್ಟ ರಕ್ತದಲ್ಲಿ ಒಂದು ಕೆಂಪು ಕಣವೂ ಕ್ರಿಸ್‌ಮಸ್ ನೋಡುವುದಿಲ್ಲ! ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳಿಲ್ಲ, ರಕ್ತಕ್ಕೆ ಬರ. ಮಳೆ ಶುರುವಾದರೆ ಡೆಂಗಿ. 2024ರಲ್ಲಿ ಅದು ಎಷ್ಟು ಹಬ್ಬಿತೆಂದರೆ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಸಾರಬೇಕಾಯಿತು. ಥಲಸ್ಸೇಮಿಯಾ ಇರುವ ಮಕ್ಕಳಿಗಂತೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ವರ್ಷವಿಡೀ ಬೇಕು. ಆ ಮಕ್ಕಳಿಗೆ ರಾಜ್ಯೋತ್ಸವ ಯಾವ ತಿಂಗಳೆಂದು ಕಟ್ಟಿಕೊಂಡು ಏನಾಗಬೇಕು?

ದಾರಿ ಸುಲಭವಿದೆ. 18 ತುಂಬಿದ, 45 ಕೆ.ಜಿ. ತೂಕವಿರುವ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ನಿಮ್ಮ ಸಂಘದ ಹುಡುಗರನ್ನು ಮೂರು ತಂಡ ಮಾಡಿ. ಮೊದಲ ತಂಡ ನವೆಂಬರ್, ಫೆಬ್ರವರಿ, ಮೇ, ಆಗಸ್ಟ್. ಎರಡನೆಯದು ಡಿಸೆಂಬರ್, ಮಾರ್ಚ್, ಜೂನ್, ಸೆಪ್ಟೆಂಬರ್. ಮೂರನೆಯದು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಹೆಣ್ಣುಮಕ್ಕಳು ವರ್ಷಕ್ಕೆ ಮೂರು ಸಲ. ಒಂದು ತಿಂಗಳೂ ನಿಮ್ಮ ಬಡಾವಣೆ ಬರಿಗೈಯಲ್ಲಿ ಇರುವುದಿಲ್ಲ. ಹತ್ತಿರದ ರಕ್ತನಿಧಿಗೆ ನಾಲ್ಕೈದು ಜನ ಹೋಗಿ ಕೊಟ್ಟು ಬನ್ನಿ. ಶಾಮಿಯಾನ ಬೇಡ, ಮೈಕ್ ಬೇಡ. ಮತ್ತೆ ಒಂದು ರಿಜಿಸ್ಟರ್ ಇಡಿ: ಹೆಸರು, ಗುಂಪು, ಫೋನ್, ಕೊನೆಯ ಸಲ ಕೊಟ್ಟ ತಾರೀಖು. ಅದು ನಿಮ್ಮಲ್ಲೇ ಇರಲಿ, ಕಂಡಕಂಡವರ ಕೈಗೆ ಹೋಗುವುದು ಬೇಡ.

ಹಣಕ್ಕಾಗಿ ರಕ್ತ ಮಾರುವುದನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿತು. 1998ರ ಜನವರಿಯಿಂದ ಅದಕ್ಕೆ ನಿಷೇಧವೂ ಬಂತು. ಇನ್ನುಳಿದಿರುವುದು ಸ್ವಂತ ಮನಸ್ಸಿನಿಂದ ಕೊಡುವವರು ಮಾತ್ರ. ಅಂದರೆ ನೀವು.

ಅಣ್ಣಾವ್ರು ಬಿಟ್ಟುಹೋದದ್ದು

ನಿಮ್ಮ ವೇದಿಕೆಯ ಹಿಂದೆ ಡಾ. ರಾಜ್‌ಕುಮಾರ್ ಚಿತ್ರ ಇದ್ದೇ ಇರುತ್ತದೆ. ಪಕ್ಕದಲ್ಲಿ ಅಪ್ಪು ನಗುತ್ತಿರುತ್ತಾರೆ. ಹಾರ ಹಾಕುತ್ತೀರಿ, ಕೈ ಮುಗಿಯುತ್ತೀರಿ, ಹಾಡು ಹಾಕುತ್ತೀರಿ. ಬಹಳ ಸಂತೋಷ.

1982ರಲ್ಲಿ ಗೋಕಾಕ್ ವರದಿ ಜಾರಿಗಾಗಿ ಊರೂರು ಸುತ್ತಿದ ಆ ಮನುಷ್ಯ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಕಣ್ಣು ಕೊಟ್ಟು ಹೋದರು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಮನೆಯವರು ಆ ಸಂಕಟದಲ್ಲೂ ಅದನ್ನೇ ಮಾಡಿದರು. ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ಬೆಳಕು ಬಂತು. ಆಮೇಲೆ ರಾಜ್ಯದಲ್ಲಿ ಕಣ್ಣು ಕೊಡುತ್ತೇವೆಂದು ಹೆಸರು ಬರೆಸಿದವರ ಸಾಲೇ ಹತ್ತಿತು. ನೀವೂ ಬರೆಸಿರಬಹುದು, ಕಾರ್ಡು ಪರ್ಸಿನಲ್ಲಿ ಇರಬಹುದು.

ಆದರೆ ಮನೆಯಲ್ಲಿ ಹೇಳಿದ್ದೀರಾ? ನೀವು ಹೋದ ಮೇಲೆ ಒಪ್ಪಿಗೆ ಕೊಡಬೇಕಾದವರು ನಿಮ್ಮ ಅಪ್ಪ, ಅಮ್ಮ, ಹೆಂಡತಿ, ಗಂಡ. ಅವರಿಗೆ ಗೊತ್ತಿಲ್ಲದಿದ್ದರೆ ಕಾರ್ಡು ಬರೀ ಕಾಗದ. ಕಣ್ಣು ತೆಗೆಯಬೇಕಾದದ್ದು ಸತ್ತ 6 ಗಂಟೆಯೊಳಗೆ. ಆ ಹೊತ್ತಿನಲ್ಲಿ ಅಳುತ್ತಿರುವ ಮನೆಗೆ ಯಾರೋ ಒಬ್ಬರು ಮೆತ್ತಗೆ ನೆನಪು ಮಾಡಬೇಕು, ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆದಿಂಬು ಸ್ವಲ್ಪ ಎತ್ತರಿಸಬೇಕು. ಕನ್ನಡಕ ಹಾಕುವವರೂ ಕೊಡಬಹುದು, ಸಕ್ಕರೆ ಕಾಯಿಲೆ ಇದ್ದವರೂ ಕೊಡಬಹುದು. ಮುಖ ವಿಕಾರವಾಗುವುದಿಲ್ಲ. ಸಾವಿನ ಮನೆಗೆ ಮೊದಲು ಓಡಿಬರುವವರು ಬೀದಿಯ ಹುಡುಗರೇ. ಆ ಮಾತನ್ನು ಮರ್ಯಾದೆಯಿಂದ ಹೇಳಲು ಗೊತ್ತಿರುವ ಇಬ್ಬರು ನಿಮ್ಮ ಸಂಘದಲ್ಲಿರಲಿ. ಅಣ್ಣಾವ್ರ ಚಿತ್ರಕ್ಕೆ ಹಾಕುವ ಹಾರಕ್ಕಿಂತ ಅದು ದೊಡ್ಡದು.

ನವೆಂಬರಿನ ನೋಟ್ ಪುಸ್ತಕ

ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ನೋಟ್ ಪುಸ್ತಕ, ಬ್ಯಾಗು, ಚಪ್ಪಲಿಗೆ ಬಡವರ ಮನೆಯಲ್ಲಿ ಸಾಲ ಮಾಡುವುದು ಆಗ. ನೀವು ಹಂಚುವುದು ನವೆಂಬರಿನಲ್ಲಿ. ಅದೂ ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಿ, ಶಾಸಕರು ಬರುವವರೆಗೆ ಕಾಯಿಸಿ, ರಟ್ಟಿನ ಮೇಲೆ ನಿಮ್ಮ ಅಧ್ಯಕ್ಷರ ಫೋಟೊ ಅಚ್ಚು ಹಾಕಿಸಿ!

ನೋಟ್ ಪುಸ್ತಕದ ಹಣವನ್ನು ಮೇ ತಿಂಗಳಿಗೆ ಎತ್ತಿಡಿ. ನವೆಂಬರಿನಲ್ಲಿ ಆ ಮಕ್ಕಳಿಗೆ ಬೇಕಾದದ್ದು ಬೇರೆ. 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು ನೂರಕ್ಕೆ ಸುಮಾರು 84. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ಫಲಿತಾಂಶ ಸುಮಾರು 73ಕ್ಕೆ ಇಳಿಯಿತು. ಕ್ಯಾಮೆರಾ ಬಂದದ್ದು ಒಳ್ಳೆಯದೇ. ಆದರೆ ಬಿದ್ದವರು ಯಾರ ಮಕ್ಕಳು? ಟ್ಯೂಷನ್ನಿಗೆ ಕಾಸಿಲ್ಲದವರ ಮಕ್ಕಳು. ಅವರಲ್ಲಿ ಬಹಳಷ್ಟು ಮಂದಿ ಕನ್ನಡ ಮಾಧ್ಯಮದವರು. ಕನ್ನಡ ಶಾಲೆ ಉಳಿಸಿ ಎಂದು ಗಂಟಲು ಹರಿದುಕೊಳ್ಳುವ ನಾವು ಕನ್ನಡ ಶಾಲೆಯ ಮಗುವಿಗೆ ಒಂದು ಲೆಕ್ಕ ಹೇಳಿಕೊಟ್ಟಿದ್ದೇವೆಯೇ?

ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆವತ್ತು ನಾವೆಲ್ಲ ಕುದ್ದೆವು. ಆ ತೀರ್ಪಿನ ನಂತರ ಕನ್ನಡ ಶಾಲೆ ಉಳಿಯಬೇಕಾದದ್ದು ಒಂದೇ ದಾರಿಯಿಂದ. ಅಲ್ಲಿ ಓದಿದ ಮಗು ಗೆಲ್ಲಬೇಕು. ಪಕ್ಕದ ಮನೆಯ ತಾಯಿ ಅದನ್ನು ನೋಡಿ ತನ್ನ ಮಗುವನ್ನೂ ಅಲ್ಲಿಗೆ ಸೇರಿಸಬೇಕು.

ನಿಮ್ಮಲ್ಲಿ ಎಂಜಿನಿಯರುಗಳಿದ್ದೀರಿ, ಬಿ.ಎಸ್ಸಿ. ಮಾಡಿದವರಿದ್ದೀರಿ, ಬ್ಯಾಂಕಿನಲ್ಲಿರುವವರಿದ್ದೀರಿ. ನವೆಂಬರ್ ಮೊದಲ ವಾರದಿಂದ ಮಾರ್ಚ್ ಮಧ್ಯದವರೆಗೆ ಎಣಿಸಿದರೆ ಹದಿನೆಂಟಕ್ಕೂ ಹೆಚ್ಚು ಭಾನುವಾರ ಸಿಗುತ್ತದೆ. ಹತ್ತಿರದ ಸರಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿ, ಅನುಮತಿ ಕೇಳಿ. ಭಾನುವಾರ ಬೆಳಿಗ್ಗೆ ಎರಡು ಗಂಟೆ: ಒಬ್ಬರು ಗಣಿತ, ಒಬ್ಬರು ವಿಜ್ಞಾನ, ಒಬ್ಬರು ಇಂಗ್ಲಿಷು. ಹೌದು, ಇಂಗ್ಲಿಷೇ. ಕನ್ನಡ ಮಾಧ್ಯಮದ ಮಗು ಇಂಗ್ಲಿಷಿನಲ್ಲಿ ಬಿದ್ದರೆ ಕನ್ನಡಕ್ಕೇನು ಲಾಭ? ಜೊತೆಗೆ ಮಕ್ಕಳಿಗೆ ಬಿಸಿ ಉಪ್ಪಿಟ್ಟು, ಒಂದು ಬಾಳೆಹಣ್ಣು. ಆರ್ಕೆಸ್ಟ್ರಾದವರಿಗೆ ಕೊಡುವುದರ ಕಾಲು ಭಾಗದಲ್ಲಿ ನಾಲ್ಕೂವರೆ ತಿಂಗಳು ಇದು ನಡೆಯುತ್ತದೆ. ನಂಬದಿದ್ದರೆ ನಿಮ್ಮ ಕಳೆದ ವರ್ಷದ ಖರ್ಚಿನ ಪುಸ್ತಕ ತೆಗೆದು ಲೆಕ್ಕ ಹಾಕಿ.

ವೇದಿಕೆ ಯಾರಿಗೆ?

"ಆರ್ಕೆಸ್ಟ್ರಾ ಇಲ್ಲದಿದ್ದರೆ ಜನ ಬರಲ್ಲ ಸಾರ್" ಎನ್ನುತ್ತೀರಿ. ಬರಲಿ ಬಿಡಿ, ಆರ್ಕೆಸ್ಟ್ರಾವೂ ಇರಲಿ. ಹಾಡು ಕೇಳುವುದು ಪಾಪವಲ್ಲ. ಆದರೆ 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಗುವಂತಿಲ್ಲ. ವಿಶೇಷ ಅನುಮತಿ ಇಲ್ಲದೆ ಕೂಗಿಸಿದರೆ, ಪಕ್ಕದ ಮನೆಯ ಹಸುಗೂಸಿನ ತಾಯಿ ಶಪಿಸುವುದು ಆರ್ಕೆಸ್ಟ್ರಾದವರನ್ನಲ್ಲ, ಕನ್ನಡವನ್ನು.

ಮೊದಲ ಒಂದು ಗಂಟೆ ಬೇರೆಯವರಿಗೆ ಕೊಡಿ. ಡೊಳ್ಳು, ಕಂಸಾಳೆ, ಪೂಜಾ ಕುಣಿತ, ತೊಗಲು ಗೊಂಬೆ, ಯಕ್ಷಗಾನದ ಒಂದು ಪ್ರಸಂಗ. ಹಳ್ಳಿಯಿಂದ ಬರುವ ತಂಡಕ್ಕೆ ಬಸ್ ಚಾರ್ಜು, ಹೊತ್ತಿಗೆ ಊಟ, ಮಲಗಲು ಜಾಗ, ಹೇಳಿದಷ್ಟು ಸಂಭಾವನೆ ಅವತ್ತೇ ಕೈಗೆ ಕೊಡಿ. ಮೆರವಣಿಗೆಯಲ್ಲಿ ನಾಲ್ಕು ಗಂಟೆ ಕುಣಿಸಿ ಕೊನೆಗೆ "ಪೊಟ್ಟಣ ಖಾಲಿ" ಎನ್ನುವವರು ಜಾನಪದ ಉಳಿಸುವುದಿಲ್ಲ. ನಾಗೇಗೌಡರು ಮೈಸೂರು ರಸ್ತೆಯಲ್ಲಿ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದ್ದಾರೆ. ಬಡಾವಣೆಯ ಮಕ್ಕಳನ್ನು ಒಂದು ಬಸ್ಸು ಮಾಡಿ ಕರೆದೊಯ್ಯಿರಿ. ಕನ್ನಡ ಬರೀ ಸಿನಿಮಾ ಅಲ್ಲವೆಂದು ಮಕ್ಕಳಿಗೆ ಕಣ್ಣಾರೆ ಗೊತ್ತಾಗುತ್ತದೆ.

ಗದ್ದಲವಿಲ್ಲದ ಕೆಲಸಕ್ಕೆ ಈ ಊರಿನಲ್ಲೇ ಮಾದರಿ ಇದೆ. ಬಸವನಗುಡಿ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರಕ್ಕೊಂದು ಉಪನ್ಯಾಸ. ಖಾದಿ ತೊಟ್ಟು ಹಾಸ್ಟೆಲಿನ ಕೋಣೆಯಲ್ಲೇ ಬದುಕಿದ ಆ ಮೇಷ್ಟರು ತಲೆಮಾರುಗಳನ್ನೇ ತಯಾರು ಮಾಡಿದರು. ವರ್ಷಕ್ಕೊಮ್ಮೆ ಮಳೆಯಂತೆ ಸುರಿದು ಹೋಗಲಿಲ್ಲ, ವಾರ ವಾರವೂ ನೀರು ಹಾಕಿದರು.

ಬೋರ್ಡಿನ ಒಳಗೆ ಏನಿದೆ?

2024ರ ತಿದ್ದುಪಡಿ ಕಾನೂನಿನಿಂದ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಕಡ್ಡಾಯವಾಯಿತು. ಹೋರಾಡಿದವರಿಗೆ, ಲಾಠಿ ತಿಂದವರಿಗೆ ನಮಸ್ಕಾರ. ಬೋರ್ಡು ಬದಲಾಗುತ್ತಿದೆ. ಅಂಗಡಿಯ ಒಳಗೆ ಹೋದರೆ? ಕೌಂಟರಿನಲ್ಲಿ ನಿಂತ ಹುಡುಗನಿಗೆ ಕನ್ನಡ ಬಾರದು. ಅವನಿಗೆ ಬೈಯುವುದು ಸುಲಭ. ಅದನ್ನು ವಿಡಿಯೋ ಮಾಡಿ ಹರಿಬಿಡುವುದು ಇನ್ನೂ ಸುಲಭ. ಅವನು ಒಡಿಶಾದಿಂದಲೋ ಬಿಹಾರದಿಂದಲೋ ಹೊಟ್ಟೆಪಾಡಿಗೆ ಬಂದವನು, ಎಲ್ಲಿ ಕಲಿಯಬೇಕೆಂದು ಅವನಿಗೆ ಯಾರೂ ಹೇಳಿಲ್ಲ. ಕಲಿಯಲೇಬೇಕು ಎಂದು ಮಾಲೀಕನಿಗೆ ಗಟ್ಟಿಯಾಗಿ ಹೇಳಿ, ಅದು ನಮ್ಮ ಹಕ್ಕು. ಕಲಿಸುತ್ತೇವೆ ಬಾ ಎಂದು ಆ ಹುಡುಗನಿಗೆ ಹೇಳಿ, ಅದು ನಮ್ಮ ಕೆಲಸ.

ಸಂಘದ ಕೋಣೆ ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿಕೊಂಡಿರುತ್ತದೆ. ವಾರಕ್ಕೆರಡು ಸಂಜೆ ಅದನ್ನು ತೆಗೆಯಿರಿ. ವ್ಯಾಕರಣ ಬೇಡ. "ಎಷ್ಟು?", "ಚಿಲ್ಲರೆ ಇಲ್ಲ", "ಸ್ವಲ್ಪ ಇರಿ, ಕೊಡ್ತೀನಿ", "ಊಟ ಆಯ್ತಾ?". ಅಪಾರ್ಟ್‌ಮೆಂಟಿನ ಕಾವಲುಗಾರ, ಡೆಲಿವರಿ ಹುಡುಗ, ಪಕ್ಕದ ಫ್ಲಾಟಿನ ಸಾಫ್ಟ್‌ವೇರ್ ದಂಪತಿ, ಎಲ್ಲರೂ ಕೂರಲಿ. ಮುಂದಿನ ರಾಜ್ಯೋತ್ಸವಕ್ಕೆ ಅವರಲ್ಲೊಬ್ಬರು ನಿಮ್ಮ ವೇದಿಕೆ ಹತ್ತಿ ಎರಡು ಮಾತು ಕನ್ನಡದಲ್ಲಿ ಆಡಲಿ. ಅದಕ್ಕೆ ಬೀಳುವ ಚಪ್ಪಾಳೆ ಯಾವ ಗಣ್ಯರ ಭಾಷಣಕ್ಕೂ ಬೀಳುವುದಿಲ್ಲ.

ಹಾಗೆಯೇ ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ಬನ್ನಿ. 1965ರ ಕಾನೂನಿನಿಂದ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆಯವರೇ ಕಟ್ಟಿದ ದುಡ್ಡು! ಬಾಗಿಲು ಎಷ್ಟು ಹೊತ್ತು ತೆಗೆದಿರುತ್ತದೆ, ಹೊಸ ಕನ್ನಡ ಪುಸ್ತಕ ಬಂದು ಎಷ್ಟು ದಿನವಾಯಿತು, ಕೂರಲು ಕುರ್ಚಿ ಇದೆಯೇ ಎಂದು ನೋಡಿ, ಕೇಳಿ, ಮನವಿ ಕೊಡಿ. ಇದೂ ಚಳವಳಿಯೇ.

ವರ್ಷದ ಪಟ್ಟಿ

ನಮ್ಮ ಊರಿಗೆ ಹಬ್ಬಗಳಿಗೇನು ಕೊರತೆ? ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ರೈತರು ಮೂಟೆ ಹೊತ್ತು ಬರುತ್ತಾರೆ. ಬಟ್ಟೆ ಚೀಲ ಹಂಚಿ, ಕುಡಿಯುವ ನೀರು ಇಡಿ, ತಪ್ಪಿಸಿಕೊಂಡ ಮಕ್ಕಳನ್ನು ಮನೆಯವರಿಗೆ ಸೇರಿಸಲು ಒಂದು ಮೇಜು ಹಾಕಿ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ, ಲಾಲ್‌ಬಾಗಿನ ಹೂವಿನ ಪ್ರದರ್ಶನ. ಸರಕಾರಿ ಶಾಲೆಯ ಮಕ್ಕಳನ್ನು ಕರೆದೊಯ್ದು ತೋರಿಸಿ. ಚೈತ್ರದ ಹುಣ್ಣಿಮೆಗೆ ಕರಗ. ಧರ್ಮರಾಯನ ಗುಡಿಯಿಂದ ಹೊರಟ ಕರಗ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತದೆ. ಈ ಊರು ಹೇಗೆ ಬಾಳಿದೆ ಎಂದು ಹೊರಗಿನಿಂದ ಬಂದ ಗೆಳೆಯರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ರಾತ್ರಿ ಇಲ್ಲ. ಜೂನಿನಲ್ಲಿ ನೋಟ್ ಪುಸ್ತಕ. ಮಳೆಗಾಲದಲ್ಲಿ ನಿಂತ ನೀರು ಚೆಲ್ಲಿ ಸೊಳ್ಳೆ ಓಡಿಸುವ ಕೆಲಸ. ಆಮೇಲೆ ಮತ್ತೆ ನವೆಂಬರ್.

1956ರಲ್ಲಿ ಒಂದಾದ, 1973ರಲ್ಲಿ ಕರ್ನಾಟಕವೆಂಬ ಹೆಸರು ಪಡೆದ ಈ ನಾಡಿಗೆ ಒಂದು ದಿನದ ಪಟ್ಟಿ ಸಾಲದು. ಹನ್ನೆರಡು ತಿಂಗಳ ಪಟ್ಟಿ ಬೇಕು.

ಕೊನೆಯದಾಗಿ ದುಡ್ಡಿನ ಮಾತು. ಅಂಗಡಿಯವರು ಕೊಟ್ಟ ಚಂದಾ ನಿಮ್ಮದಲ್ಲ, ಕನ್ನಡದ್ದು. ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಉಳಿದದ್ದೆಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು ಸಂಘದ ಬಾಗಿಲಿಗೆ ಅಂಟಿಸಿ. ಬೆದರಿಸಿ ಎತ್ತುವ ಚಂದಾ ನಮಗೆ ಬೇಡ. ಲೆಕ್ಕ ಕೊಡುವ ಸಂಘಕ್ಕೆ ಮುಂದಿನ ವರ್ಷ ಜನ ಕರೆದು ಕೊಡುತ್ತಾರೆ. ಕನ್ನಡದ ಹೆಸರು ಹೇಳಿದರೆ ಅಂಗಡಿಯವನು ಮುಖ ತಿರುಗಿಸುವ ಸ್ಥಿತಿ ಬಂದರೆ ಅದಕ್ಕೆ ಕಾರಣ ನಾವೇ ಆಗಿರುತ್ತೇವೆ.

ಗೆಳೆಯರೇ, ಈ ಭಾನುವಾರ ನಿಮ್ಮ ಸಂಘದ ಸಭೆ ಇರುತ್ತದೆ. ಹಿಂದಿನ ಸಾಲಿನಲ್ಲಿ ಕೂತು ಫೋನ್ ನೋಡಬೇಡಿ. ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ಕಳೆದ ವರ್ಷದ ಲೆಕ್ಕ ಎಲ್ಲಿ? ರಕ್ತ ಕೊಟ್ಟವರ ಪಟ್ಟಿ ಎಲ್ಲಿ? ನವೆಂಬರ್ 2ರಿಂದ ನಾವು ಏನು ಮಾಡುತ್ತೇವೆ? ಹಿರಿಯರು ಗದರಿಸಬಹುದು, "ನಿನ್ನೆ ಮೊನ್ನೆ ಬಂದ ಹುಡುಗ" ಎನ್ನಬಹುದು. ಬೇಜಾರು ಮಾಡಿಕೊಳ್ಳಬೇಡಿ. ರಾಮೋತ್ಸವದ ಪಟ್ಟಿಯನ್ನು ಪ್ರಶ್ನಿಸಿದವರಿಗೂ ಯಾರೂ ಹೂವಿನ ಹಾರ ಹಾಕಿರಲಿಲ್ಲ.

ಮೂರಕ್ಕೂ ಉತ್ತರ ಸಿಗಲಿ. ಆಮೇಲೆ ಪಟ್ಟಿ ಅಚ್ಚಿಗೆ ಹೋಗಲಿ.

ಜೈ ಕರ್ನಾಟಕ!

– ಸಂಪಾದಕ